ಅಗ್ಗದ ಔಷಧಕ್ಕೆ ನಕಲಿಯ ಹಣೆಪಟ್ಟಿ
ಪರರ ಹೆಸರು ಕದ್ದು, ಔಷಧಾಂಶವೇ ಇಲ್ಲದೆ ತಯಾರಿಸಿದ ನಕಲಿ ಮಾತ್ರೆ ರೋಗಿಗೆ ಬಗೆದ ದ್ರೋಹವಾಗಿದ್ದು, ಅದರಿಂದ ಸಾವು ಸಂಭವಿಸಿದರೆ ಭಾರತದ ಕಾನೂನು 2008ರ ತಿದ್ದುಪಡಿಯ ಬಳಿಕ ಕನಿಷ್ಠ 10 ವರ್ಷಗಳ ಸೆರೆವಾಸ ವಿಧಿಸುತ್ತದೆ. ಆದರೆ ಜನರಿಕ್ ಔಷಧವನ್ನು, ಅಂದರೆ ಮೂಲ ಔಷಧದ ಅಂಶವನ್ನೇ ಹೊಂದಿ ಕಡಿಮೆ ಬೆಲೆಗೆ ಸಿಗುವ ಅಧಿಕೃತ ಔಷಧವನ್ನು, ಅದೇ ಸಾಲಿಗೆ ಸೇರಿಸುವುದು ಬಡ ರೋಗಿಗಳಿಗೆ ಮಾಡುವ ಅನ್ಯಾಯ. ಉದಾಹರಣೆಗೆ, ಭಾರತದಿಂದ ಬ್ರೆಜಿಲ್‌ಗೆ ಹೊರಟಿದ್ದ ಸುಮಾರು 570 ಕಿಲೊ ಜನರಿಕ್ ಲೊಸಾರ್ಟನ್‌ಗೆ (ರಕ್ತದೊತ್ತಡದ ಔಷಧ) ಆ ಎರಡೂ ದೇಶಗಳಲ್ಲಿ ಪೇಟೆಂಟ್ ಇರಲಿಲ್ಲ; ಆದರೂ 2008ರ ಡಿಸೆಂಬರ್‌ನಲ್ಲಿ ನೆದರ್ಲೆಂಡ್ಸ್‌ನ ಕಸ್ಟಮ್ಸ್ ಅಧಿಕಾರಿಗಳು ಅದನ್ನು ಮಾರ್ಗಮಧ್ಯದಲ್ಲೇ ತಡೆಹಿಡಿದರು. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಕಳಪೆ, ನೋಂದಣಿಯಿಲ್ಲದ ಮತ್ತು ಹುಸಿ ಔಷಧಗಳೆಂದು ಪ್ರತ್ಯೇಕವಾಗಿ ವಿಂಗಡಿಸಿ, ಬೌದ್ಧಿಕ ಆಸ್ತಿಯ ತಕರಾರನ್ನು ಈ ವ್ಯಾಖ್ಯೆಗಳಿಂದ ಹೊರಗಿಟ್ಟಿತು.