ಸಿಹಿಬೇರಿನ ಸತ್ವಪರೀಕ್ಷೆ

ಕೆಮ್ಮು ಬಂದಾಗ ಗ್ರಂಧಿಗೆ ಅಂಗಡಿಯಿಂದ ತಂದ ಜೇಷ್ಠಮಧುವಿನ ತುಂಡನ್ನು ಬಾಯಲ್ಲಿರಿಸಿಕೊಂಡು ರಸ ಹೀರುವುದು ಕನ್ನಡ ನಾಡಿನ ಮನೆಗಳಲ್ಲಿ ಹಿಂದಿನಿಂದ ಬಂದ ರೂಢಿ. ಸಂಸ್ಕೃತದಲ್ಲಿ ಯಷ್ಟಿಮಧುವೆಂದೂ, ಕನ್ನಡದಲ್ಲಿ ಅತಿಮಧುರವೆಂದೂ ಹೆಸರಾದ ಈ ಬೇರಿನ ಸಿಹಿಯು ಬಹುಮಟ್ಟಿಗೆ ಗ್ಲಿಸಿರೈಜಿನ್ ಎಂಬ ವಸ್ತುವಿನದು. ಸಕ್ಕರೆಗಿಂತ ಅದು ಹಲವು ಹತ್ತು ಪಟ್ಟು ಸಿಹಿ. ಇದೇ ಬೇರು ಜಠರದ ಹುಣ್ಣನ್ನೂ ಮಾಯಿಸಬಲ್ಲುದೆ ಎಂಬ ಪ್ರಶ್ನೆಯು ಆಧುನಿಕ ವೈದ್ಯಶಾಸ್ತ್ರದ ಮುಂದೆ ಬಂದುದು ಮಾತ್ರ ಹಾಲೆಂಡ್ ದೇಶದ ಒಂದು ಸಣ್ಣ ಊರಿನಿಂದ.

ಆ ಊರು ಹೀರೆನ್‌ವೇನ್. ಅಲ್ಲಿಯ ಔಷಧ ವ್ಯಾಪಾರಿಯೊಬ್ಬನು ಜೇಷ್ಠಮಧುವಿನ ರಸದಿಂದ ಸಿದ್ಧಪಡಿಸಿ ಕೊಡುತ್ತಿದ್ದ ಮದ್ದಿನಿಂದ ಹೊಟ್ಟೆಹುಣ್ಣಿನವರು ಗುಣಹೊಂದುತ್ತಿರುವುದನ್ನು ಡಾಕ್ಟರ್ ರೆವೆರ್ಸ್ ಎಂಬುವರು ಗಮನಿಸಿದರು. ನಾಟಿಮದ್ದೆಂದು ನಕ್ಕು ಸುಮ್ಮನಾಗದೆ, ತಾವೇ ರೋಗಿಗಳಿಗೆ ಕೊಟ್ಟು ನೋಡಿ 1946ರಲ್ಲಿ ವರದಿಯನ್ನು ಪ್ರಕಟಿಸಿದರು. ಹುಣ್ಣೇನೋ ಮಾಯುತ್ತಿದ್ದಿತು. ಆದರೆ ಸುಮಾರು ಐವರಲ್ಲಿ ಒಬ್ಬರಿಗೆ ಮುಖ, ಕೈಕಾಲುಗಳು ಊದಿಕೊಂಡವು. ಕೆಲವರಿಗೆ ತಲೆನೋವು, ಏದುಸಿರು. ಗುಣವನ್ನು ಬರೆದ ಲೇಖನಿಯಿಂದಲೇ ದೋಷವನ್ನೂ ಬರೆದುದು ಆ ವೈದ್ಯರ ಹಿರಿಮೆ.

ಈ ಊತಕ್ಕೆ ಕಾರಣವೇನೆಂಬುದನ್ನು ಆಮ್‌ಸ್ಟರ್‌ಡ್ಯಾಮಿನ ಬೋರ್ಸ್ಟ್ ಮತ್ತು ಅವರ ಸಂಗಡಿಗರು ಹುಡುಕಿದರು. ಬೇರಿನ ಸತ್ವವು ಮೈಯೊಳಗೆ ಉಪ್ಪನ್ನೂ ನೀರನ್ನೂ ತಡೆಹಿಡಿಯುತ್ತದೆ, ಪೊಟಾಸಿಯಂ ಲವಣವನ್ನು ಹೊರದೂಡುತ್ತದೆ, ರಕ್ತದೊತ್ತಡವನ್ನು ಏರಿಸುತ್ತದೆ ಎಂದು 1950ರಲ್ಲಿ ಅವರು ತಿಳಿಸಿದರು. ಮೂತ್ರಪಿಂಡದ ಮೇಲಿನ ಗ್ರಂಥಿಯು ಸೊರಗಿ ಮೈಯ ಉಪ್ಪೆಲ್ಲ ಹರಿದುಹೋಗುವ ಅಡಿಸನ್ ರೋಗದವರಿಗೆ ಇದೇ ದೋಷವು ವರವಾಯಿತೆಂಬುದು ಬೇರೆಯ ಮಾತು!

ಆದರೆ ಹುಣ್ಣು ಮಾಯಿತೆಂದ ಮಾತ್ರಕ್ಕೆ ಮದ್ದೇ ಮಾಯಿಸಿತೆಂದು ಹೇಳಲಾದೀತೆ? ಜಠರವ್ರಣವು ವಿಚಿತ್ರ ಸ್ವಭಾವದ್ದು. ಏನೂ ಮಾಡದಿದ್ದರೂ ಎಷ್ಟೋ ಸಲ ತಾನಾಗಿ ಮಾಯುತ್ತದೆ, ಮತ್ತೆ ಮರಳುತ್ತದೆ. ನಡುವೆ ಯಾವ ಕಷಾಯ ಕುಡಿದಿದ್ದರೂ ಕೀರ್ತಿ ಆ ಕಷಾಯಕ್ಕೆ! ಈ ತೊಡಕನ್ನು ಬಿಡಿಸಲು ಹೋಲಿಕೆಯ ಪರೀಕ್ಷೆಯೊಂದೇ ದಾರಿ. ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ತೋರಿಸಿ ಹೆಸರಾದ ಇಂಗ್ಲೆಂಡಿನ ರಿಚರ್ಡ್ ಡಾಲ್ ಈ ಕೆಲಸಕ್ಕೂ ಕೈಹಾಕಿದರು. ಜೇಷ್ಠಮಧುವಿನ ಸತ್ವವನ್ನು ಮಾರ್ಪಡಿಸಿ ಲಂಡನ್ನಿನ ಬಯೊರೆಕ್ಸ್ ಪ್ರಯೋಗಾಲಯದವರು ತಯಾರಿಸಿದ್ದ ಕಾರ್ಬೆನಾಕ್ಸೊಲೋನ್ ಎಂಬ ಔಷಧವನ್ನು ಕೆಲವರಿಗೂ, ಔಷಧವಿಲ್ಲದ ಗುಳಿಗೆಯನ್ನು ಉಳಿದವರಿಗೂ ಕೊಟ್ಟು, ಎಕ್ಸ್‌ರೇ ಚಿತ್ರಗಳಲ್ಲಿ ಹುಣ್ಣಿನ ಗಾತ್ರವನ್ನು ಅಳೆದು ನೋಡಲಾಯಿತು. 1962ರಲ್ಲಿ ಫಲಿತಾಂಶವು ಹೊರಬಂದಿತು: ಔಷಧ ಪಡೆದವರ ಜಠರದ ಹುಣ್ಣು ಹೆಚ್ಚು ಬೇಗ ಮಾಯುತ್ತಿದ್ದಿತು. ಜೇಷ್ಠಮಧುವಿನ ವಂಶದ ಮದ್ದು ಪರೀಕ್ಷೆಯಲ್ಲಿ ಗೆದ್ದಿತ್ತು.

ಇನ್ನು ಉಳಿದುದು ಊತದ ಕಾಟ. ಅದನ್ನು ತಡೆಯಲೆಂದು ಸ್ಪೈರೊನೊಲ್ಯಾಕ್ಟೋನ್ ಎಂಬ ಮದ್ದನ್ನು ಜೊತೆಗೆ ಕೊಟ್ಟುನೋಡಿದರು. ಊತ ನಿಂತಿತು, ಆದರೆ ಹುಣ್ಣು ಮಾಯುವುದೂ ನಿಂತಿತು! 1968ರ ಈ ವರದಿಯು ಎಲ್ಲರನ್ನೂ ಯೋಚನೆಗೆ ಹಚ್ಚುವಂಥದು. ಗ್ಲಿಸಿರೈಜಿನ್ ಅಂಶವನ್ನೇ ತೆಗೆದುಹಾಕಿದ ಜೇಷ್ಠಮಧುವನ್ನು ಬಳಸಿದರೆ ಹೇಗೆಂಬ ಉಪಾಯವೂ ಹುಟ್ಟಿತು. ಅದರಿಂದ ಅಪಾಯವೇನೋ ತಪ್ಪಿತು. ಮೊದಮೊದಲು ಆಸೆ ಹುಟ್ಟಿಸಿದ ಆ ಗುಳಿಗೆಗಳು 1970ರ ದಶಕದ ಹಲವು ಕಟ್ಟುನಿಟ್ಟಾದ ಪರೀಕ್ಷೆಗಳಲ್ಲಿ ಔಷಧವಿಲ್ಲದ ಗುಳಿಗೆಗಿಂತ ಮೇಲೆನಿಸಲಿಲ್ಲ.

ಅಷ್ಟರಲ್ಲಿ ಕಾಲ ಬದಲಾಯಿತು. 1976ರಲ್ಲಿ ಆಮ್ಲವನ್ನೇ ತಗ್ಗಿಸುವ ಸಿಮೆಟಿಡೀನ್ ಬಂದಿತು. 1982ರಲ್ಲಿ ಆಸ್ಟ್ರೇಲಿಯದ ವಾರೆನ್ ಮತ್ತು ಮಾರ್ಷಲ್ ಜಠರದಲ್ಲಿ ವಾಸಿಸುವ ಬ್ಯಾಕ್ಟೀರಿಯವನ್ನು ಬೆಳೆಸಿ ತೋರಿಸಿದರು; ಬಹುಪಾಲು ಹುಣ್ಣುಗಳಿಗೆ ಅದೇ ಮೂಲವೆಂದು ತಿಳಿದಮೇಲೆ ಚಿಕಿತ್ಸೆಯ ದಾರಿಯೇ ಬೇರೆಯಾಯಿತು. ಕಾರ್ಬೆನಾಕ್ಸೊಲೋನ್ ಹಿಂದೆ ಸರಿಯಿತು. ಜೇಷ್ಠಮಧುವಿನಿಂದ ಒತ್ತಡವೇರುವ ಬಗೆಯು ಪೂರ್ಣವಾಗಿ ಬಿಡಿಸಿದುದು 1987ರಲ್ಲಿ: ಮೂತ್ರಪಿಂಡದಲ್ಲಿ ಕಾರ್ಟಿಸಾಲ್ ಎಂಬ ರಸವನ್ನು ನಿಷ್ಕ್ರಿಯಗೊಳಿಸುವ ಕಿಣ್ವವೊಂದನ್ನು ಬೇರಿನ ಸತ್ವವು ಕಟ್ಟಿಹಾಕುತ್ತದೆ, ತಡೆಯಿಲ್ಲದಾದ ಕಾರ್ಟಿಸಾಲ್ ಉಪ್ಪನ್ನು ಹಿಡಿದಿಡುವ ಕೆಲಸಕ್ಕೆ ತೊಡಗುತ್ತದೆ.

ಕೆಮ್ಮಿಗೆಂದು ಒಂದೆರಡು ದಿನ ಬಾಯಲ್ಲಿಟ್ಟ ತುಂಡಿಗೆ ಆರೋಗ್ಯವಂತರು ಅಂಜಬೇಕಾದುದಿಲ್ಲ. ಹೊಟ್ಟೆಯುರಿಗೆಂದು ಜೇಷ್ಠಮಧುವಿನ ಪುಡಿಯನ್ನು ವಾರಗಟ್ಟಲೆ ಸೇವಿಸುವವರ ಸಂಗತಿ ಬೇರೆ. ರಕ್ತದೊತ್ತಡ ಉಳ್ಳವರು, ಹೃದಯದ ಅಥವಾ ಮೂತ್ರಪಿಂಡದ ಬೇನೆಯವರು, ಮೂತ್ರ ಹೆಚ್ಚಿಸುವ ಗುಳಿಗೆ ನುಂಗುತ್ತಿರುವವರು ವೈದ್ಯರಿಗೆ ತಿಳಿಸದೆ ಅದನ್ನು ತೆಗೆದುಕೊಳ್ಳಬಾರದು. ಕಪ್ಪು ಮಲ ಕಂಡವರಂತೂ ಯಾವ ಪುಡಿಗೂ ಕಾಯದೆ ಆಸ್ಪತ್ರೆಗೆ ಹೋಗತಕ್ಕದ್ದು.