ಡ್ರೈವ್ ಕನ್ವರ್ಟ್ ಆಯ್ತು, ಒಳಗಿದ್ದದ್ದು?

ಮೊನ್ನೆ ಊರಿಗೆ (ತುರುವನೂರು, ನಮ್ಮ ಚಿತ್ರದುರ್ಗದ ಹತ್ತಿರ) ಹೋಗಿದ್ದೆ. ತಮ್ಮ ಅಟ್ಟದ ಮೇಲಿಂದ ಹಳೇ ಹಾರ್ಡ್ ಡಿಸ್ಕ್ ಒಂದನ್ನ ಇಳಿಸ್ಕೊಂಡು ಬಂದು, "ಅಣ್ಣಾ, ಇದನ್ನ ಗುಜರಿಗೆ ಹಾಕ್ಲಾ?" ಅಂದ. 80 ಜಿಬಿ ಡಿಸ್ಕು. ಈಗಿನ ಪೆನ್ ಡ್ರೈವ್ ಎದುರಿಗೆ ಅದರ ಲೆಕ್ಕ ಏನು? ಆದ್ರೆ ನಾನು ಬೇಡ ಅಂದೆ. ಯಾಕೆ ಅಂತ ಹೇಳೋಕೆ 2007ಕ್ಕೆ ಹೋಗ್ಬೇಕು.

ಆಗ ಅಜ್ಜನಿಗೆ ಎಂಬತ್ತು ದಾಟಿತ್ತು. 1939ರಲ್ಲಿ ನಮ್ಮೂರಲ್ಲಿ ಈಚಲು ಮರ ಕಡಿಯೋ ಸತ್ಯಾಗ್ರಹ ಆಗಿತ್ತಲ್ಲ, ನಿಜಲಿಂಗಪ್ಪನವರ ಹೆಸರಿನ ಜೊತೆ ಈಗಲೂ ನೆನಪಾಗುತ್ತಲ್ಲ, ಆಗ ಅಜ್ಜ ಇನ್ನೂ ಹುಡುಗ. ಕಂಡದ್ದು, ಕೇಳಿದ್ದು ಎಲ್ಲಾ ಬಾಯ್ತುಂಬ ಹೇಳೋರು. ಒಂದು ದಿನ ಗೆಳೆಯನ ಹ್ಯಾಂಡಿಕ್ಯಾಮ್ ತಂದು ಒಂದು ಗಂಟೆ ರೆಕಾರ್ಡ್ ಮಾಡ್ದೆ. ಟೇಪನ್ನ ಕಂಪ್ಯೂಟರಿಗೆ ಹಾಕಿ ಡಿ ಡ್ರೈವ್‌ಗೆ ಇಳಿಸೋಕೆ ಬಿಟ್ಟು ಊಟಕ್ಕೆ ಎದ್ದೆ. ವಾಪಸ್ ಬಂದಾಗ ಪರದೆ ಮೇಲೆ ಡಿಸ್ಕಲ್ಲಿ ಜಾಗ ಇಲ್ಲ ಅಂತೇನೋ ಇತ್ತು. ಡ್ರೈವಲ್ಲಿ ಇನ್ನೂ ಹತ್ತು ಜಿಬಿಗಿಂತ ಜಾಸ್ತಿ ಖಾಲಿ! ಏನೋ ತಲೆಹರಟೆ ಅಂದ್ಕೊಂಡು ಓಕೆ ಒತ್ತಿದೆ. ಫೈಲ್ ತೆಗೆದು ನೋಡಿದ್ರೆ ಅಜ್ಜ ಮಾತಾಡ್ತಿದ್ರು. ಸಾಕು ಅಂತ ಮುಚ್ಚಿದೆ. ಆಮೇಲೆ ಅದೇ ಟೇಪಿನ ಮೇಲೆ ಅಕ್ಕನ ಮಗಳ ನಾಮಕರಣ ಶೂಟ್ ಮಾಡಿದ್ವಿ.

ಆ ಡ್ರೈವ್ ಫ್ಯಾಟ್32. ಅದು ಒಂದೊಂದು ಫೈಲಿನ ಗಾತ್ರವನ್ನ 32 ಬಿಟ್‌ನಲ್ಲಿ ಬರೆದಿಡುತ್ತೆ. ಹಾಗಾಗಿ ಡ್ರೈವ್ ಎಷ್ಟೇ ಖಾಲಿ ಇರ್ಲಿ, ಒಂದು ಫೈಲು 4 ಜಿಬಿ ಮುಟ್ಟೋ ಹಾಗಿಲ್ಲ. ಟೇಪಿನ ವೀಡಿಯೋ ಗಂಟೆಗೆ ಸುಮಾರು 13 ಜಿಬಿ. ಲೆಕ್ಕ ಹಾಕಿ... ಹತ್ತೊಂಬತ್ತು ನಿಮಿಷವೂ ಇಲ್ಲ. ಅಜ್ಜ "ಆಮೇಲೆ ಪೊಲೀಸರು..." ಅನ್ನೋ ಕಡೆ ಫೈಲು ಮುಗೀತು. ಇದು ಗೊತ್ತಾಗೋ ಹೊತ್ತಿಗೆ ಅಜ್ಜ ಇರ್ಲಿಲ್ಲ. ತಪ್ಪು ಪೂರಾ ನಂದೇ.

ಆಮೇಲೆ ಬುದ್ಧಿ ಬಂದು ಡ್ರೈವನ್ನ ಎನ್‌ಟಿಎಫ್‌ಎಸ್‌ಗೆ ಬದಲಾಯಿಸಿದೆ. ವಿಂಡೋಸ್‌ನಲ್ಲಿ ಕನ್ವರ್ಟ್ ಅನ್ನೋ ಕಮಾಂಡ್ ಇದೆ, ಒಂದೇ ಸಾಲು. ಡ್ರೈವಿನ ಹೆಸರು ಕೇಳುತ್ತೆ, ಕೊಟ್ರೆ ತನ್ನ ಪಾಡಿಗೆ ಕೆಲಸ ಮಾಡುತ್ತೆ. ಫೈಲುಗಳು ಇದ್ದಲ್ಲೇ ಇರ್ತವೆ. ಖಾಲಿ ಜಾಗದಲ್ಲಿ ಹೊಸ ಪಟ್ಟಿ ಕಟ್ಟಿ, ಹಳೇ ಪಟ್ಟಿ ಬದಲು ಅದನ್ನ ಕೂರಿಸುತ್ತೆ, ಅಷ್ಟೆ. ನಮ್ಮಂಥ ಕರೆಂಟ್ ಹೋಗೋ ಊರಿಗೆ ಎನ್‌ಟಿಎಫ್‌ಎಸ್ ಒಳ್ಳೇದು ಕೂಡ. ಮಾಡೋ ಬದಲಾವಣೆಯನ್ನ ಮೊದಲು ದಿನಚರಿ ಥರ ಬರೆದುಕೊಳ್ಳುತ್ತೆ, ದಿಢೀರಂತ ಆಫ್ ಆದ್ರೆ ಅದನ್ನ ನೋಡಿ ಪಟ್ಟಿ ಸರಿಮಾಡ್ಕೊಳ್ಳುತ್ತೆ.

ಆದ್ರೆ ಇದು ಹೋಗೋ ದಾರಿ ಮಾತ್ರ, ಬರೋ ದಾರಿ ಇಲ್ಲ. ಆ ಕಮಾಂಡ್ ಮತ್ತೆ ಫ್ಯಾಟ್32ಗೆ ವಾಪಸ್ ತರಲ್ಲ, ಫಾರ್ಮ್ಯಾಟ್ ಮಾಡ್ಬೇಕು. ಫಾರ್ಮ್ಯಾಟ್ ಅಂದ್ರೆ ಎಲ್ಲಾ ಹೋಯ್ತು ಅಂತಲೇ ಲೆಕ್ಕ. "ಡೇಟಾ ಏನೂ ಆಗಲ್ಲ, ಧೈರ್ಯವಾಗಿ ಕನ್ವರ್ಟ್ ಮಾಡಿ" ಅನ್ನೋರು ತುಂಬಾ ಜನ ಇದಾರೆ. ನನ್ನ ಅಭಿಪ್ರಾಯ ಬೇರೆ. ಒಂದೇ ಪ್ರತಿ ಇರೋ ಡ್ರೈವನ್ನ ಕನ್ವರ್ಟ್ ಮಾಡ್ಲೇಬೇಡಿ. ಮೊದಲು ಇನ್ನೊಂದು ಕಡೆ ಕಾಪಿ ಮಾಡಿ, ಕಾಪಿ ಆದದ್ದನ್ನ ಕೊನೇವರೆಗೂ ಓಡಿಸಿ ನೋಡಿ. ಬೇರೆ ಕಡೆ ಕಾಪಿ ಮಾಡೋಕೆ ಜಾಗ ಇದ್ರೆ ಕನ್ವರ್ಟೇ ಬೇಕಿಲ್ಲ, ಹೊಸದಾಗಿ ಫಾರ್ಮ್ಯಾಟ್ ಮಾಡಿ ವಾಪಸ್ ಹಾಕೋದೇ ಲೇಸು.

ಇಷ್ಟೇ ಆಗಿದ್ರೆ ಇದನ್ನ ಬರೀತಿರ್ಲಿಲ್ಲ. ಮೊನ್ನೆ ಆ ಡಿಸ್ಕನ್ನ ಲ್ಯಾಪ್‌ಟಾಪಿಗೆ ಚುಚ್ಚಿದೆ. ಪುಣ್ಯಕ್ಕೆ ತಿರುಗ್ತು! ಚಿಕ್ಕಪ್ಪನ ಫೋಲ್ಡರಿನಲ್ಲಿ "ಅಪ್ಪ ಹೇಳಿದ್ದು" ಅಂತ ಒಂದು ಫೈಲು. ತೆಗೆದ್ರೆ ಒಳಗೆ ಒಂದಕ್ಷರ ಕನ್ನಡ ಇಲ್ಲ. ಇಂಗ್ಲಿಷ್ ಅಕ್ಷರಗಳ ತಲೆ ಮೇಲೆ ಗೆರೆ, ಚುಕ್ಕಿ, ಟೋಪಿ ಇಟ್ಟಂಥ ಸಾಲುಗಳು. ಹಳಬರಿಗೆ ಇದು ತಕ್ಷಣ ಗೊತ್ತಾಗುತ್ತೆ. ಯೂನಿಕೋಡ್‌ಗಿಂತ ಮುಂಚಿನ ನುಡಿ! ಆಗ ನುಡಿ, ಬರಹ ಎರಡರಲ್ಲೂ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನ ಕೂರಿಸಿರ್ತಿದ್ರು. ಆ ಫಾಂಟ್ ಇಲ್ಲದಿದ್ರೆ ಕನ್ನಡವೂ ಇಲ್ಲ.

ನೋಡಿ, ಫ್ಯಾಟ್32ರಿಂದ ಎನ್‌ಟಿಎಫ್‌ಎಸ್‌ಗೆ ಹೋದ್ರೆ ಬದಲಾಗೋದು ಕಣಜ ಮಾತ್ರ, ಒಳಗಿನ ಕಾಳಲ್ಲ. ಕಣಜ ಬದಲಾಯಿಸೋಕೆ ಯಂತ್ರ ಇದೆ, ಹತ್ತು ನಿಮಿಷ ಸಾಕು. ಕಾಳು ಹಸನು ಮಾಡೋಕೆ ಮನುಷ್ಯ ಕೂರಬೇಕು. ಯೂನಿಕೋಡ್‌ಗೆ ಬದಲಿಸೋ ತಂತ್ರಾಂಶಕ್ಕೆ ಆ ಫೈಲ್ ಹಾಕ್ದೆ, ಬಹುಪಾಲು ಸರಿಯಾಗೇ ಬಂತು. ಆದ್ರೂ ಎರಡು ಸಂಜೆ ಕೂತು ಒತ್ತಕ್ಷರ, ಅರ್ಕಾವತ್ತು ಒಂದೊಂದೇ ನೋಡ್ಬೇಕಾಯ್ತು. ಹನ್ನೊಂದು ಪುಟ. ಅಜ್ಜ "ಆಮೇಲೆ ಪೊಲೀಸರು" ಅಂದಮೇಲೆ ಏನು ಹೇಳಿದ್ರು ಅನ್ನೋದು ಅದ್ರಲ್ಲಿದೆ. ಅವರ ದನಿ ಹೋಯ್ತು, ಮಾತು ಉಳೀತು.

ಚಿಕ್ಕಪ್ಪನಿಗೆ ಫೋನ್ ಮಾಡಿ ಹೇಳಿದೆ. "ನಾನು ಟೈಪ್ ಮಾಡಿದ್ದು ನನಗೇ ಮರ್ತು ಹೋಗಿತ್ತು ಕಣೋ" ಅಂದ್ರು.

ನಮ್ಮ ಊರುಗಳಲ್ಲಿ ಇಂಥ ಡಿಸ್ಕುಗಳು ಅಟ್ಟದ ಮೇಲೆ, ಡಿಟಿಪಿ ಅಂಗಡಿ ಮೂಲೇಲಿ ಎಷ್ಟಿವೆಯೋ. ಸ್ಮರಣ ಸಂಚಿಕೆ, ಜಾತ್ರೆ ಹಾಡು, ವಂಶಾವಳಿ ಎಲ್ಲಾ ಹಳೇ ನುಡಿಯಲ್ಲೇ ಇರ್ಬಹುದು. ಡ್ರೈವ್ ಯಾವ ಫೈಲ್ ಸಿಸ್ಟಮ್ ಅನ್ನೋದರ ಬಗ್ಗೆ ಎಷ್ಟು ವಾದ ಮಾಡಿದೀವಿ, ಒಳಗಿನ ಕನ್ನಡದ ಬಗ್ಗೆ ಅದರಲ್ಲಿ ಕಾಲುಭಾಗನೂ ಇಲ್ಲ. ಆ ಡಿಸ್ಕುಗಳೇನು ನಮಗೋಸ್ಕರ ಕಾಯ್ತಾ ಕೂತಿರಲ್ಲ, ಒಂದು ದಿನ ತಿರುಗೋದು ನಿಲ್ಲಿಸ್ತವೆ. ಬದಲಾಯಿಸುವಾಗ ಮೂಲ ಫೈಲನ್ನ ಮಾತ್ರ ಅಳಿಸ್ಬೇಡಿ, ತಂತ್ರಾಂಶ ತಪ್ಪು ಮಾಡಿದ್ದು ಮುಂದೆ ಕಂಡ್ರೆ ಹೋಲಿಸೋಕೆ ಅದೇ ಗತಿ.

ಈ ಯುಗಾದಿಗೆ ಊರಿಗೆ ಹೋದಾಗ ಅಟ್ಟ ಹತ್ತಿ ಒಂದ್ಸಲ ನೋಡಿ. ಏನು ಸಿಕ್ತು ಅಂತ ನನಗೂ ಹೇಳಿ :)