ಬೇವಿಗೆ ಗೌರವ, ಹೊಂಗೆಗೆ ಜಾಗ

ಮುಂಗಾರು ಹತ್ತಿರವಾದಂತೆ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಸಸಿ ನೆಡುವ ಮಾತು ಶುರುವಾಗುತ್ತದೆ. ಔಷಧಿ ಮರ ನೆಡೋಣ ಎಂದು ಪಂಚಾಯಿತಿ, ಶಾಲೆ, ಸಂಘಸಂಸ್ಥೆಗಳು ಹೊರಟರೆ ಮೊದಲು ಬಾಯಿಗೆ ಬರುವುದು ಬೇವು. ಯುಗಾದಿಯ ಬೇವು-ಬೆಲ್ಲ, ಮಾರಮ್ಮನ ಗುಡಿಯ ಬೇವಿನ ಸೊಪ್ಪು, ಹಲ್ಲುಜ್ಜುವ ಕಡ್ಡಿ, ಹೀಗೆ ಅದರ ಮರ್ಯಾದೆ ದೊಡ್ಡದು. ವಿದುರಾಶ್ವತ್ಥ ಇರುವ ಜಿಲ್ಲೆಗೆ ಮರಕ್ಕೆ ಕೈಮುಗಿಯುವುದನ್ನು ಯಾರೂ ಕಲಿಸಬೇಕಿಲ್ಲ. ಹೊಂಗೆಗೆ ಮಾತ್ರ ಈ ಭಾಗ್ಯವಿಲ್ಲ. ಬಸ್ಸು ಕಾಯುವವರಿಗೆ ನೆರಳು ಕೊಟ್ಟರೆ ಅದರ ಕೆಲಸ ಮುಗಿಯಿತು ಎಂಬಂತೆ ನೋಡುತ್ತೇವೆ. ಆಯುರ್ವೇದದಲ್ಲಿ ಕರಂಜ ಎಂದು ಕರೆಸಿಕೊಳ್ಳುವ ಹೊಂಗೆಯೂ ಬೇವಿನಂತೆ ಚರ್ಮರೋಗಗಳಿಗೆ ಬಳಕೆಯಾಗುತ್ತ ಬಂದ ಮರವೇ. ಈ ಜಿಲ್ಲೆಯ ಹೊಲದ ಬದು, ಕಾಲುವೆ ದಡ, ಹಿಪ್ಪುನೇರಳೆ ತೋಟದ ಅಂಚುಗಳಿಗೆ ಹೊಂಗೆಯೇ ಮೊದಲ ಆಯ್ಕೆಯಾಗಬೇಕು, ಬೇವು ಎರಡನೆಯದಾಗಿ ಬರಬೇಕು ಎಂಬುದು ನನ್ನ ವಾದ.

ಶಿಡ್ಲಘಟ್ಟದ ಉದಾಹರಣೆ ನೋಡಿ. ಅಲ್ಲಿನ ರೇಷ್ಮೆಗೂಡು ಮಾರುಕಟ್ಟೆ ರಾಮನಗರದ ಜೊತೆ ಹೆಸರು ಹೇಳಿಸಿಕೊಳ್ಳುವಷ್ಟು ದೊಡ್ಡದು. ಸುತ್ತಲಿನ ಹಳ್ಳಿಗಳ ಬದುಕು ಹುಳು ಮನೆಯ ಮೇಲೆ ನಿಂತಿದೆ. ಬೇವಿಗೆ ಜಗತ್ತಿನಲ್ಲಿ ಹೆಸರು ಬಂದಿರುವುದು ಕೀಟ ಮತ್ತು ಶಿಲೀಂಧ್ರಗಳನ್ನು ಹತ್ತಿಕ್ಕುವ ಶಕ್ತಿಯಿಂದ. ಬೇವಿನೆಣ್ಣೆಯ ಶಿಲೀಂಧ್ರನಾಶಕ ಗುಣದ ಮೇಲೆ ಅಮೆರಿಕದ ಕೃಷಿ ಇಲಾಖೆ ಮತ್ತು ಡಬ್ಲ್ಯು.ಆರ್. ಗ್ರೇಸ್ ಕಂಪನಿ ಪಡೆದಿದ್ದ ಪೇಟೆಂಟನ್ನು ಯುರೋಪಿನ ಪೇಟೆಂಟ್ ಕಚೇರಿ 2000ದಲ್ಲಿ ರದ್ದು ಮಾಡಿತು, 2005ರಲ್ಲಿ ಮೇಲ್ಮನವಿಯೂ ಬಿದ್ದುಹೋಯಿತು. ನಮ್ಮ ರೈತರಿಗೆ ಮೊದಲೇ ಗೊತ್ತಿದ್ದುದನ್ನು ಹೊಸದೆಂದು ಹೇಳಲಾಗದು ಎಂಬುದು ಆ ಗೆಲುವಿನ ತಿರುಳು. ಆದರೆ ಬೇವಿನ ಬೀಜದ ಅಜಾಡಿರಾಕ್ಟಿನ್‌ಗೆ ಟೊಮೆಟೊ ಕಾಯಿಕೊರಕ ಯಾವುದು, ರೇಷ್ಮೆ ಹುಳು ಯಾವುದು ಎಂಬ ಭೇದ ತಿಳಿಯದು. ಅದು ಹುಳುವಿನ ಮೇವು ಕೆಡಿಸುತ್ತದೆ, ಪೊರೆ ಕಳಚುವ ಕ್ರಮವನ್ನೇ ತಪ್ಪಿಸುತ್ತದೆ. ನಾಲ್ಕು ಜ್ವರ (ಪೊರೆ ಕಳಚುವ ಹಂತ) ದಾಟಿ ಗೂಡು ಕಟ್ಟಬೇಕಾದ ಹುಳುವಿಗೆ ಬೇವು ಸಿಂಪಡಿಸಿದ ಸೊಪ್ಪನ್ನು ಬೇಗ ಕೊಯ್ದು ಹಾಕಿದರೆ ಅದು ಜ್ವರದಿಂದ ಸರಿಯಾಗಿ ಏಳುವುದಿಲ್ಲ. ಹಿಪ್ಪುನೇರಳೆಗೆ ಬೇವಿನ ಔಷಧಿ ಹೊಡೆದ ಮೇಲೆ ಇಷ್ಟು ದಿನ ಸೊಪ್ಪು ಕೊಯ್ಯಬೇಡಿ ಎಂದು ರೇಷ್ಮೆ ಇಲಾಖೆಯವರು ಎಚ್ಚರಿಸುವುದು ಇದಕ್ಕಾಗಿಯೇ. ತೋಟದ ಪಕ್ಕ ಬೇವಿನ ಮರ ನಿಂತಿದ್ದ ಮಾತ್ರಕ್ಕೆ ಹುಳು ಸಾಯುವುದಿಲ್ಲ, ಆ ಭಯ ಬೇಡ. ಮರದ ಅತಿ ಬೆಲೆಬಾಳುವ ಗುಣವನ್ನು ರೇಷ್ಮೆ ರೈತ ಹೆದರಿ ಹೆದರಿ ಬಳಸಬೇಕು ಎಂಬುದಷ್ಟೇ ಇಲ್ಲಿನ ಮಾತು.

ಹೊಂಗೆ ಎಣ್ಣೆಯೂ ಕೀಟಕ್ಕೆ ಕಹಿಯೇ, ಅದನ್ನೂ ಸೊಪ್ಪಿನ ಮೇಲೆ ಹೊಡೆಯುವಂತಿಲ್ಲ. ಆದರೆ ಹೊಂಗೆಯ ಮುಖ್ಯ ಉಪಕಾರ ಎಲೆಯ ಮೇಲಲ್ಲ, ಮಣ್ಣಿನಲ್ಲಿ. ಅದು ದ್ವಿದಳ ಜಾತಿಯ ಮರ. ಬೇರಿನ ಗಂಟುಗಳಲ್ಲಿ ಸಾರಜನಕ ಹಿಡಿಯುತ್ತದೆ, ಬೇವಿಗೆ ಆ ಶಕ್ತಿಯಿಲ್ಲ. ಕೊಂಬೆ ಸವರಿದಷ್ಟೂ ಚಿಗುರುತ್ತದೆ. ಆ ಸೊಪ್ಪನ್ನು ಸಾಲಿನ ನಡುವೆ ಹಾಸಿ ಮುಚ್ಚಿದರೆ ಮಣ್ಣಿಗೆ ಗೊಬ್ಬರ, ತೇವಕ್ಕೆ ಹೊದಿಕೆ. ದನ ಕಡಿಮೆಯಾಗಿ ಕೊಟ್ಟಿಗೆ ಗೊಬ್ಬರವನ್ನು ಟ್ರ್ಯಾಕ್ಟರ್ ಲೆಕ್ಕದಲ್ಲಿ ದುಡ್ಡು ಕೊಟ್ಟು ತರಿಸುವ ಈ ಕಾಲದಲ್ಲಿ ಬದುವಿನ ಮೇಲೆಯೇ ಗೊಬ್ಬರ ಬೆಳೆಯುವುದು ಸಣ್ಣ ಲಾಭವಲ್ಲ. ಬೀಜದಿಂದ ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿ ಎರಡೂ ಮರಗಳದ್ದು ಒಳ್ಳೆಯದು; ಹಿಪ್ಪುನೇರಳೆ ಬೇರಿಗೆ ಗಂಟು ಕಟ್ಟುವ ಜಂತುಹುಳುವಿನ ಕಾಟವಿದ್ದ ಕಡೆ ಬೇವಿನ ಹಿಂಡಿಯೇ ಮೇಲು ಎಂಬುದನ್ನು ಒಪ್ಪಲೇಬೇಕು.

ಬೀಜದ ವಿಷಯಕ್ಕೆ ಬಂದರೆ ಯಾರೂ ಎಣಿಸದ ಒಂದು ಲೆಕ್ಕವಿದೆ. ಬೇವಿನ ಹಣ್ಣು ಉದುರುವುದು ಜೂನ್‌ನಿಂದ ಆಗಸ್ಟ್‌ವರೆಗೆ. ರಾಗಿ, ನೆಲಗಡಲೆ, ಜೋಳದ ಬಿತ್ತನೆಗೆ ಆಳು ಸಿಗದ ಹೊತ್ತು ಅದೇ. ಮಳೆಗೆ ನೆನೆದ ಹಣ್ಣಿಗೆ ಬೂಷ್ಟು ಹಿಡಿಯುತ್ತದೆ, ತಿರುಳು ಬಿಡಿಸಿ ನೆರಳಲ್ಲಿ ಒಣಗಿಸದಿದ್ದರೆ ಬೀಜ ಕೆಡುತ್ತದೆ, ಸಸಿ ಮಾಡಲು ಇಟ್ಟರೆ ಕೆಲವೇ ವಾರಗಳಲ್ಲಿ ಮೊಳಕೆಯ ಶಕ್ತಿ ಹೋಗುತ್ತದೆ. ಹೊಂಗೆ ಕಾಯಿ ಬಲಿಯುವುದು ಬೇಸಿಗೆಯಲ್ಲಿ, ಮಳೆಯಾಶ್ರಿತ ಹೊಲದಲ್ಲಿ ಕೆಲಸವಿಲ್ಲದಾಗ. ಬಿಸಿಲಿಗೆ ತಾನಾಗಿ ಒಣಗುತ್ತದೆ, ಬಡಿದು ಬೀಜ ಬಿಡಿಸಿ ಮೂಟೆ ಕಟ್ಟಿಟ್ಟರೆ ತಿಂಗಳುಗಟ್ಟಲೆ ಕೆಡದು. ಗೌರಿಬಿದನೂರಿನ ಹಳ್ಳಿಯ ಕೂಲಿ ಹೆಂಗಸಿಗೆ ಯಾವ ಮರ ಕಾಸು ಕೊಟ್ಟೀತು ಎಂಬ ಪ್ರಶ್ನೆಗೆ ಔಷಧಿ ಗುಣಕ್ಕಿಂತ ಈ ಕ್ಯಾಲೆಂಡರ್ ಹೆಚ್ಚು ಉತ್ತರ ಹೇಳುತ್ತದೆ.

ಸಾಕುವ ಕಷ್ಟದಲ್ಲೂ ವ್ಯತ್ಯಾಸವಿದೆ. ಎರಡೂ ಒಣನೆಲದ ಮರಗಳೇ. ಮೊದಲ ಎರಡು ಬೇಸಿಗೆ ನೀರು ಕೊಟ್ಟು ದಾಟಿಸಿದರೆ ಆಮೇಲೆ ತಾವೇ ಬದುಕುತ್ತವೆ. ಬೇವಿನ ಎಳೆ ಸಸಿಗೆ ಮೇಕೆ ಬಾಯಿ ಹಾಕುತ್ತದೆ, ಹೊಂಗೆಯ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ. ಮುಳ್ಳುಬೇಲಿಯ ಖರ್ಚು ಉಳಿಯಿತು. ಬೇವಿನ ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ, ಹೊಂಗೆ ಹಳ್ಳದ ದಡದಲ್ಲೇ ಹುಟ್ಟಿ ಬೆಳೆದ ಮರ. ಬೆಂಗಳೂರಿನ ಸಂಸ್ಕರಿತ ನೀರು ಎಚ್‌.ಎನ್. ವ್ಯಾಲಿ ಯೋಜನೆಯಲ್ಲಿ ಜಿಲ್ಲೆಯ ಕೆರೆಗಳಿಗೆ ಬರುತ್ತಿರುವಾಗ, ವರ್ಷಗಟ್ಟಲೆ ಒಣಗಿದ್ದ ಕೆರೆಯಂಚು ಈಗ ಜೌಗಾಗುತ್ತಿರುವಾಗ ಇದು ಮುಖ್ಯ. (ಕೆರೆ ಏರಿಯ ಮೇಲೆ ಮಾತ್ರ ಯಾವ ಮರವನ್ನೂ ನೆಡಬಾರದು, ಬೇರು ಏರಿಯನ್ನು ಸಡಿಲ ಮಾಡುತ್ತದೆ.) ಇತ್ತೀಚಿನ ವರ್ಷಗಳಲ್ಲಿ ಬೇವಿನ ಕುಡಿಗಳು ಸುಟ್ಟಂತೆ ಒಣಗುವ ರೋಗ ದಕ್ಷಿಣದ ರಾಜ್ಯಗಳಲ್ಲಿ ಹರಡಿದೆ. ಹೊಂಗೆ ಎಲೆಗೆ ನುಸಿಯಿಂದ ಗಂಟು ಬರುತ್ತದೆ, ನೋಡಲು ಅಸಹ್ಯ, ಆದರೆ ಮರಕ್ಕೆ ಅಪಾಯವಿಲ್ಲ.

ಈ ವಾದಕ್ಕೆ ಬರುವ ದೊಡ್ಡ ಆಕ್ಷೇಪ ಜೈವಿಕ ಇಂಧನದ್ದು. 2009ರಲ್ಲಿ ರಾಜ್ಯ ಜೈವಿಕ ಇಂಧನ ನೀತಿ ತಂದಾಗ ಹೊಂಗೆಯಿಂದ ಡೀಸೆಲ್ ಹರಿಯುತ್ತದೆ ಎಂಬ ಆಸೆ ಹುಟ್ಟಿಸಿದ್ದರು, ಹರಿಯಲಿಲ್ಲ. ನಿಜ. ಬೀಜದಿಂದ ಎಬ್ಬಿಸಿದ ಹೊಂಗೆ ಕಾಯಿ ಬಿಡಲು ಐದಾರು ವರ್ಷ ಬೇಕು, ಒಂದು ಮರದಂತೆ ಇನ್ನೊಂದು ಫಲ ಕೊಡುವುದಿಲ್ಲ, ಬೀಜಕ್ಕೆ ಸಿಕ್ಕ ಬೆಲೆ ಕೂಲಿಗೂ ಸಾಲಲಿಲ್ಲ. ಆದರೆ ಸೋತದ್ದು ಡೀಸೆಲ್ಲಿನ ಲೆಕ್ಕ, ಮರವಲ್ಲ. ಸೊಪ್ಪು, ಹಿಂಡಿ, ನೆರಳಿಗೆಂದು ನೆಟ್ಟವನಿಗೆ ಇಂಧನದ ಬೆಲೆ ಬಿದ್ದರೆ ನಷ್ಟವಿಲ್ಲ. ಹೆಚ್ಚು ಕಾಯಿ ಬೇಕೆನ್ನುವವರು ಕಸಿ ಗಿಡ ಕೇಳಬೇಕು. ಇನ್ನೊಂದು ಆಕ್ಷೇಪ, ಔಷಧಿಯಲ್ಲಿ ಬೇವಿಗೆ ಸಮ ಯಾವುದಿದೆ ಎಂಬುದು. ಯಾವುದೂ ಇಲ್ಲ, ಒಪ್ಪಿದೆ. ಆದರೆ ಒಂದು ಊರಿನ ಔಷಧಿಗೆ ನಾಲ್ಕು ಬೇವಿನ ಮರ ಸಾಕು. ಉಳಿದ ನಾನೂರು ಮರಗಳನ್ನು ಹೊಲದ ಅಗತ್ಯ ನೋಡಿಯೇ ಆರಿಸಬೇಕು. ಬೇವು ಎಂದರೆ ಅಪಾಯವೇ ಇಲ್ಲ ಎಂಬ ನಂಬಿಕೆಯೂ ಸರಿಯಲ್ಲ. ಹಸುಗೂಸುಗಳಿಗೆ ಬೇವಿನೆಣ್ಣೆ ಕುಡಿಸಿ ಸೆಳವು ಬಂದ, ಮಿದುಳಿಗೆ ಪೆಟ್ಟಾದ ಪ್ರಕರಣಗಳು ಮಲೇಷ್ಯಾದಲ್ಲೂ ಭಾರತದಲ್ಲೂ ವೈದ್ಯಕೀಯ ದಾಖಲೆ ಸೇರಿವೆ. ಹೊಂಗೆ ಎಣ್ಣೆಯೂ ಮೈಗೆ ಹಚ್ಚುವುದಕ್ಕಷ್ಟೇ, ಹೊಟ್ಟೆಗಲ್ಲ.

ಇನ್ನು ಒಂದೇ ಮರ ನೆಟ್ಟು ನೀಲಗಿರಿಯ ಕಥೆ ಮರುಕಳಿಸಬೇಡಿ ಎನ್ನುವವರ ಮಾತು. ಅದನ್ನು ನಾನು ಪೂರ್ತಿ ಒಪ್ಪುತ್ತೇನೆ. ಕೋಲಾರ, ಚಿಕ್ಕಬಳ್ಳಾಪುರದ ನೆಲ ನೀಲಗಿರಿ ತೋಪುಗಳಿಂದ ಏನಾಯಿತೆಂದು ಕೊಳವೆಬಾವಿ ಕೊರೆಸಿದವರನ್ನು ಕೇಳಿದರೆ ಸಾಕು. ಹೊಸದಾಗಿ ನೆಡುವುದನ್ನು 2017ರಲ್ಲಿ ಸರ್ಕಾರವೇ ನಿಷೇಧಿಸಿತು. ಆದ್ದರಿಂದ ಬೇವನ್ನು ಕೈಬಿಡಿ ಎಂದು ನಾನು ಹೇಳುತ್ತಿಲ್ಲ. ಎತ್ತರದ ಗೋಮಾಳ, ಕಲ್ಲುನೆಲ, ಶಾಲೆ ಆಸ್ಪತ್ರೆಯ ಅಂಗಳ, ಮನೆ ಹಿತ್ತಲು ಬೇವಿನ ಜಾಗಗಳು. ಟೊಮೆಟೊ ಬೆಳೆಯುವ ಚಿಂತಾಮಣಿ, ದ್ರಾಕ್ಷಿ ಬೆಳೆಯುವ ಚಿಕ್ಕಬಳ್ಳಾಪುರದ ಹಳ್ಳಿಗಳಲ್ಲಿ ಬೇವಿನ ಬೀಜ ಕೂಡಿಸಿ ಕಷಾಯ ಮಾಡಿಕೊಂಡರೆ ಔಷಧಿ ಅಂಗಡಿಯ ಬಿಲ್ಲು ಇಳಿಯುತ್ತದೆ, ಅಲ್ಲಿ ಬೇವಿನ ಪಾಲು ಹೆಚ್ಚಿರಲಿ. ಹಿಪ್ಪುನೇರಳೆ ತೋಟದ ಅಂಚು, ಉತ್ತರ ಪಿನಾಕಿನಿಯ ದಡ, ಕೆರೆಗೆ ನೀರು ತರುವ ರಾಜಕಾಲುವೆಯ ಎರಡು ಬದಿ ಹೊಂಗೆಗಿರಲಿ. ಅರಣ್ಯ ಇಲಾಖೆಯ ನರ್ಸರಿಗೆ ಬೇಡಿಕೆ ಪಟ್ಟಿ ಕಳಿಸುವ ಮುನ್ನ ಪಂಚಾಯಿತಿ ಸದಸ್ಯರು ಒಮ್ಮೆ ಆ ಜಾಗಗಳಿಗೆ ಹೋಗಿ ನೋಡಲಿ, ಅಲ್ಲಿ ರೇಷ್ಮೆ ಸಾಕುವವರನ್ನೂ ಕೇಳಲಿ. ಸಸಿಗಳ ಸಂಖ್ಯೆಯನ್ನು ಆಮೇಲೆ ಬರೆಯಲಿ.